ಪದಚರ್ಚೆ: ಫಿಬ್ಬರ್ ಮೆಗೀಯ ‘ಕ್ಲಾಸೆಟ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ಹತ್ತು ದಿನದಿಂದ ಒದ್ದಾಡುತ್ತಿದ್ದೇನೆ. ಒಂದು ಅಂತ ಶುರುವಾಗಿದ್ದು ಈಗ ಮೂರಾಗಿದೆ. ನಿಮ್ಮೆದುರು ಇಡುತ್ತೇನೆ.

ನಾನಿರುವುದು ಅಮೆರಿಕದ ಇಲಿನಾಯ್ ರಾಜ್ಯದ ಪಿಯೋರಿಯಾದಲ್ಲಿ. ಇಲ್ಲಿನ ನಾಲ್ಕಾರು ಕನ್ನಡದ ಮನೆಯವರು ಸೇರಿ ಯುಗಾದಿಗೆ ಒಂದು ಪುಟ್ಟ ಪತ್ರಿಕೆ ತರುತ್ತೇವೆ. ಈ ಸಲ ‘ನಾವಿರುವ ಊರಿನವರು’ ಅಂತ ಬರೆಯಿರಿ ಎಂದರು. ನನಗೆ ಥಟ್ಟನೆ ನೆನಪಾದವರು ಜಿಮ್ ಮತ್ತು ಮೇರಿಯನ್ ಜೋರ್ಡನ್. ಗಂಡ ಹೆಂಡತಿ ಇಬ್ಬರೂ ಪಿಯೋರಿಯಾ ಕಡೆಯವರೇ. 1918ರಲ್ಲಿ ಮದುವೆಯಾಗಿ, ಊರೂರು ತಿರುಗಿ ಹಾಡಿ ಆಡಿ, ಕೊನೆಗೆ ಶಿಕಾಗೋದ ರೇಡಿಯೋ ಸೇರಿದವರು. 1935ರ ಏಪ್ರಿಲ್‌ನಲ್ಲಿ ಎನ್‌ಬಿಸಿ ಎಂಬ ರೇಡಿಯೋ ಜಾಲದಲ್ಲಿ ಅವರ ನಗೆನಾಟಕ ‘ಫಿಬ್ಬರ್ ಮೆಗೀ ಅಂಡ್ ಮೋಲಿ’ ಶುರುವಾಯಿತು. ಅದರಲ್ಲಿ ಫಿಬ್ಬರ್ ಗಂಡ, ಮೋಲಿ ಹೆಂಡತಿ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅತ್ತ ಮೈಸೂರಿನಲ್ಲಿ ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ನಿಲಯ ಶುರು ಮಾಡಿದರು ಅನ್ನೋದು ನೆನಪಾಗಿ ಸುಮ್ನೆ ಖುಷಿಯಾಯಿತು. (ಅಂದಹಾಗೆ ‘ಮಾಲಿ’ ಎಂದು ಬರೆದರೆ ಹೂತೋಟ ನೋಡಿಕೊಳ್ಳುವವನಾಗುತ್ತಾನೆ. ಅದಕ್ಕೇ ಮೋಲಿ ಎಂದು ಬರೆದಿದ್ದೇನೆ. ಬೈಯಬೇಡಿ.)

ಕಥೆ ಅಂತ ದೊಡ್ಡದೇನಿಲ್ಲ. ಸಣ್ಣ ಊರು. ಮನೆ ನಂಬರ್ 79, ವಿಸ್ಟ್‌ಫುಲ್ ವಿಸ್ಟಾ. ಆ ಮನೆಯೂ ಲಾಟರಿಯಲ್ಲಿ ಬಂದದ್ದು. ಗಂಡನಿಗೆ ಇಂಥದ್ದೇ ಅನ್ನುವ ಉದ್ಯೋಗವಿಲ್ಲ. ಬೆಳಗ್ಗೆ ಎದ್ದು ಏನೋ ಒಂದು ಕೈಗೆತ್ತಿಕೊಳ್ಳುತ್ತಾನೆ, ಅದು ಕೆಡುತ್ತದೆ. ನಡುವೆ ಮೇಯರ್ ಬರುತ್ತಾನೆ, ಡಾಕ್ಟರ್ ಬರುತ್ತಾನೆ, ಪಕ್ಕದ ಮನೆಯ ಪುಟ್ಟ ಹುಡುಗಿ ಬರುತ್ತಾಳೆ. ಆ ಹುಡುಗಿಯ ದನಿಯೂ ಮೇರಿಯನ್‌ರದೇ. ಬಂದವರೆಲ್ಲ ಒಂದಿಷ್ಟು ಮಾತಾಡಿ ಹೋಗುತ್ತಾರೆ. ಮಂಗಳವಾರ ರಾತ್ರಿ ಅರ್ಧ ಗಂಟೆ, ಅಷ್ಟೇ. ಇದನ್ನು ‘ಧಾರಾವಾಹಿ’ ಎನ್ನಲು ನನಗೆ ಮನಸ್ಸಿಲ್ಲ. ಧಾರೆ ಎಲ್ಲಿದೆ ಇದರಲ್ಲಿ? ಈ ವಾರದ್ದು ಈ ವಾರಕ್ಕೇ ಮುಗಿಯುತ್ತದೆ. ‘ಬಾನುಲಿ ನಗೆನಾಟಕ ಸರಣಿ’ ಎಂದು ಬರೆದು ಮುಂದೆ ಹೋದೆ. ತಕರಾರಿದ್ದರೆ ಹೇಳಿ, ಆದರೆ ನನ್ನ ತಲೆನೋವು ಅದಲ್ಲ.

ತಲೆನೋವು ‘ಕ್ಲಾಸೆಟ್’, ಅಂದರೆ ಇಲ್ಲಿನ ಮನೆಗಳಲ್ಲಿ ಸಾಮಾನು ಇಡಲು ಇರುವ, ಬಾಗಿಲುಳ್ಳ ಪುಟ್ಟ ಕೋಣೆ. ಈ ನಾಟಕದ ಹೆಸರುವಾಸಿ ತಮಾಷೆ ಅದೇ. ಮೊದಲ ಸಲ ಬಂದದ್ದು 1940ರ ಮಾರ್ಚ್‌ನಲ್ಲಿ. ಮನೆಯಲ್ಲಿ ಒಂದು ಬಾಗಿಲಿದೆ. ಅದನ್ನು ತೆಗೆಯಬಾರದು ಅಂತ ಕೇಳುಗರಿಗೆಲ್ಲ ಗೊತ್ತು. ಆದರೂ ಯಾರೋ ತೆಗೆಯುತ್ತಾರೆ. ಒಳಗೆ ತುರುಕಿಟ್ಟ ಸಾಮಾನೆಲ್ಲ ಒಂದರ ಹಿಂದೊಂದು ಉರುಳಿ ಬೀಳುತ್ತದೆ. ಎಲ್ಲ ಬಿದ್ದು ಮುಗಿಯಿತು ಎನ್ನುವಾಗ ಕಟ್ಟಕಡೆಗೆ ಒಂದು ಪುಟ್ಟ ಗಂಟೆ ಟಿಣ್ ಎನ್ನುತ್ತದೆ. ಆಮೇಲೆ ಫಿಬ್ಬರ್, ಇದನ್ನೊಂದು ದಿನ ಒಪ್ಪ ಮಾಡಬೇಕು ಎನ್ನುತ್ತಾನೆ. ಮಾಡುವುದಿಲ್ಲ.

ಇಂಗ್ಲಿಷಿನಲ್ಲಿ ಇದು ನುಡಿಗಟ್ಟೇ ಆಗಿಬಿಟ್ಟಿದೆ. ತುಂಬಿ ತುಳುಕುವ ಡ್ರಾಯರ್, ಕಾರಿನ ಡಿಕ್ಕಿ, ಏನೇ ಇರಲಿ, ಹಳಬರು ‘ಫಿಬ್ಬರ್ ಮೆಗೀಯ ಕ್ಲಾಸೆಟ್’ ಎನ್ನುತ್ತಾರೆ. ನಾಟಕ ಕೇಳದವರೂ ಅನ್ನುವುದುಂಟು.

ಅಮ್ಮ ಬಂದಿದ್ದಾಗ ಇದನ್ನೊಮ್ಮೆ ಹಾಕಿದ್ದೆ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಸದ್ದು ಬಂದದ್ದೇ ಸೊಪ್ಪು ಅಲ್ಲೇ ಬಿಟ್ಟು ಎದ್ದರು. ನಮ್ಮನೆಯಲ್ಲೇ ಏನೋ ಬಿತ್ತು ಅಂದುಕೊಂಡರಂತೆ. ಆ ಗಂಟೆ ಟಿಣ್ ಎಂದಾಗ ರೇಡಿಯೋ ಅಂತ ಗೊತ್ತಾಯಿತು. ನಿಂತಲ್ಲೇ ನಗಲು ಶುರು ಮಾಡಿದರು. “ನಮ್ಮ ಅಟ್ಟ ಕಣೇ ಇದು! ನಿಮ್ಮಪ್ಪ ಹಂಡೆ ಇಳಿಸಕ್ಕೆ ಹೋಗಿದ್ರಲ್ಲ, ಹಿಂಗೇ ಆಗಿತ್ತು.”

ಸರಿ, ‘ಅಟ್ಟ’ ಅಂತ ಬರೆದೆ. ಎರಡು ದಿನ ನೆಮ್ಮದಿಯಾಗಿದ್ದೆ. ಆಮೇಲೆ ಕಳ್ಳ ಬಂದ. ಒಂದು ಕಂತಿನಲ್ಲಿ ಕಳ್ಳನೊಬ್ಬ ನುಗ್ಗಿ ಫಿಬ್ಬರ್‌ನನ್ನು ಕಟ್ಟಿಹಾಕುತ್ತಾನೆ. ಬೆಳ್ಳಿ ಸಾಮಾನು ಆ ಬಾಗಿಲ ಹಿಂದಿದೆ, ಜೋರಾಗಿ ಎಳಿ ಎನ್ನುತ್ತಾನೆ ಫಿಬ್ಬರ್. ಕಳ್ಳ ಎಳೆಯುತ್ತಾನೆ. ಪೊಲೀಸರು ಬರುವವರೆಗೂ ಸಾಮಾನಿನ ಅಡಿಯಲ್ಲೇ ಬಿದ್ದಿರುತ್ತಾನೆ. ಈಗ ಹೇಳಿ, ಅಟ್ಟಕ್ಕೆ ಏಣಿ ಬೇಕು, ಅಲ್ವಾ? ಏಣಿ ಹತ್ತುವವನು ಹುಷಾರಾಗಿಯೇ ಇರುತ್ತಾನೆ. ಎಳೆದರೆ ಮೈಮೇಲೆ ಬೀಳಲು ನಮ್ಮ ಅಟ್ಟಕ್ಕೆ ಅಂಥ ಬಾಗಿಲೂ ಇಲ್ಲ. ತಮಾಷೆ ಇರುವುದೇ ಬಾಗಿಲಿನಲ್ಲಿ.

ಉಗ್ರಾಣ? ಅದು ಅಕ್ಕಿ ಬೇಳೆಯ ಜಾಗ. ಉಗ್ರಾಣ ಎಂದ ಕೂಡಲೇ ನನ್ನ ಕಣ್ಣಿಗೆ ಬರುವುದು ಛತ್ರದಲ್ಲಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ಲೆಕ್ಕ ಹಾಕಿ ತುಪ್ಪ ಕೊಡುವ ಉಗ್ರಾಣದವರು. ಅಲ್ಲಿ ಓರಣ ಜಾಸ್ತಿ. ಬೀರು? ಅದರಲ್ಲಿ ರೇಷ್ಮೆ ಸೀರೆ, ಮನೆ ಪತ್ರ ಇರುತ್ತವೆ. ಕಪಾಟು ಸ್ವಲ್ಪ ಹತ್ತಿರ ಬರುತ್ತದೆ, ಆದರೆ ಕಪಾಟಿನಲ್ಲಿ ಅರೆಗಳಿರುತ್ತವೆ. ಧಾರವಾಡದ ಗೆಳತಿ ‘ನಾಗೊಂದಿಗೆ’ ಎಂದಳು. ಪದ ಎಷ್ಟು ಚೆಂದ! ಆದರೆ ಅದು ಗೋಡೆಗೆ ಬಡಿದ ಹಲಗೆ, ಪಾತ್ರೆಗಳನ್ನು ಸಾಲಾಗಿ ಜೋಡಿಸುವುದಕ್ಕೆ. ಇನ್ನೊಬ್ಬರು ‘ಗುಜರಿ ಕೋಣೆ’ ಎಂದರು. ಅದಂತೂ ಸುತರಾಂ ಅಲ್ಲ. ಗುಜರಿ ಎಂದರೆ ಬೇಡವೆಂದು ತೂಕಕ್ಕೆ ಹಾಕುವ ಮಾಲು. ಫಿಬ್ಬರ್‌ಗೆ ಅದರಲ್ಲಿ ಒಂದೂ ಬೇಡವಾದದ್ದಲ್ಲ. ಇಂದಲ್ಲ ನಾಳೆ ಬೇಕಾಗುತ್ತೆ ಅಂತಲೇ ಇಟ್ಟಿರುವುದು.

ನಿನ್ನೆ ರಾತ್ರಿ ಹೊಳೆಯಿತು. ನಮ್ಮ ಮೈಸೂರು ಬೆಂಗಳೂರಿನ ಮಹಡಿ ಮನೆಗಳಲ್ಲಿ ಮೆಟ್ಟಿಲ ಕೆಳಗೆ ಒಂದು ಸಂದು ಇರುತ್ತದಲ್ಲ? ತಲೆ ತಗ್ಗಿಸಿ ನುಗ್ಗಬೇಕು. ಅರ್ಧ ಆಳಿನ ಬಾಗಿಲು. ಒಳಗೆ ಕಡ್ಡಿ ಮುರಿದ ಛತ್ರಿ, ಮನೆ ಕಟ್ಟಿಸಿದಾಗ ಉಳಿದ ನಾಲ್ಕು ಟೈಲ್ಸು, ಬಣ್ಣದ ಡಬ್ಬ, ಗಾಳಿ ಹೋದ ಸೈಕಲ್ ಟ್ಯೂಬು, ದಸರಾ ಗೊಂಬೆಯ ಪೆಟ್ಟಿಗೆ. ಕ್ಲಾಸೆಟ್ ಅಂದರೆ ಇದೇ! ಆದರೆ ಇದಕ್ಕೆ ಹೆಸರೇನು? ನಮ್ಮನೆಯಲ್ಲಿ ಸುಮ್ನೆ ‘ಮೆಟ್ಟಿಲ ಕೆಳಗೆ’ ಅನ್ನುತ್ತಿದ್ದೆವು. “ಸುತ್ತಿಗೆ ಎಲ್ಲಿ?” “ಮೆಟ್ಟಿಲ ಕೆಳಗೆ ನೋಡು.” ಜಾಗ ಇದೆ, ಹೆಸರಿಲ್ಲ. ನಿಮ್ಮ ಮನೆಗಳಲ್ಲಿ ಏನಾದರೂ ಪದ ಇತ್ತೇ? ಇದು ನನ್ನ ಮೊದಲ ಪ್ರಶ್ನೆ.

ಎರಡನೆಯದು ಫಿಬ್ಬರ್ ಎಂಬ ಹೆಸರು. ಅದು ಅಡ್ಡಹೆಸರು. ಯಾರಿಗೂ ಕೆಡುಕಾಗದ ಸಣ್ಣಪುಟ್ಟ ಸುಳ್ಳಿನವನು ಎಂದರ್ಥ. ‘ಸುಳ್ಳ’ ಎಂದರೆ ಬೈಗುಳವಾಗುತ್ತದೆ. ‘ಬಡಾಯಿ’ ಎಂದರೆ ಜಂಬ ಬಂದು ಕೂರುತ್ತದೆ. ಇಲ್ಲಿ ಕನ್ನಡದ ಒಂದು ಚಮತ್ಕಾರ ಕಣ್ಣಿಗೆ ಬಿತ್ತು. ನಾವು ಸುಳ್ಳು ಹೇಳುತ್ತೇವೆ. ಆದರೆ ಬುರುಡೆ ಬಿಡುತ್ತೇವೆ. ರೀಲು ಬಿಡುತ್ತೇವೆ, ಬಂಡಲ್ ಬಿಡುತ್ತೇವೆ, ಓಳು ಬಿಡುತ್ತೇವೆ. ‘ಬುರುಡೆ ಹೇಳಿದ’ ಅಂತ ನಾನಂತೂ ಕೇಳಿಲ್ಲ. ಗಾಳಿಪಟ ಬಿಟ್ಟ ಹಾಗೆ, ಕಾಗದದ ದೋಣಿ ಬಿಟ್ಟ ಹಾಗೆ. ಎಷ್ಟು ದೂರ ಹೋಗುತ್ತದೋ ನೋಡೋಣ ಎನ್ನುವ ಆಟ ಆ ಕ್ರಿಯಾಪದದಲ್ಲೇ ಇದೆ. ಫಿಬ್ಬರ್ ‘ಬಿಡುವ’ ಜಾತಿಯವನು. ಹಾಗಾಗಿ ‘ಬುರುಡೆ ಮೆಗೀ’ ಅಂತ ಇಟ್ಟಿದ್ದೇನೆ. ಉತ್ತರ ಕರ್ನಾಟಕ, ಕರಾವಳಿ ಕಡೆಯವರು ಇಂಥವನಿಗೆ ಏನನ್ನುತ್ತೀರಿ? ಅಲ್ಲೂ ‘ಬಿಡು’ ಬರುತ್ತದೋ ‘ಹೊಡೆ’ ಬರುತ್ತದೋ?

ಮೂರನೆಯದು ಮೋಲಿಯ ಮಾತು. ಗಂಡನ ಜೋಕು ಕೇಳಿ ಆಕೆ ಮೂರೇ ಪದದಲ್ಲಿ ಗಾಳಿ ತೆಗೆಯುತ್ತಾಳೆ: “ಟೇಂಟ್ ಫನ್ನಿ, ಮೆಗೀ.” ‘ಇದು ಹಾಸ್ಯಮಯವಾಗಿಲ್ಲ, ಮೆಗೀ’ ಎಂದರೆ ಮೇಷ್ಟರು ಕಾಪಿ ತಿದ್ದಿದ ಹಾಗಿರುತ್ತದೆ. ಆಕೆ ಗಂಡನನ್ನು ಮನೆತನದ ಹೆಸರು ಹಿಡಿದೇ ಕರೆಯುತ್ತಾಳೆ. ಆ ಕಾಲದ ನಮ್ಮ ಹೆಣ್ಣುಮಗಳ ಬಾಯಲ್ಲಿ ಅದು ಬಂದೀತೇ? “ನಗು ಬರ್ಲಿಲ್ಲ ರೀ” ಎಂದು ಬರೆದೆ. ಜೋರಾಗಿ ಓದಿ ನೋಡಿದರೆ ಅಲ್ಲೂ ಕೊನೆಗೆ ‘ಈ’, ಇಲ್ಲೂ ಕೊನೆಗೆ ‘ಈ’. ಏಟು ಬೀಳುವ ಜಾಗ ಒಂದೇ. ಆದರೆ ನಮ್ಮ ಪತ್ರಿಕೆ ನೋಡಿಕೊಳ್ಳುವವರು, ಪಿಯೋರಿಯಾದ ಹೆಂಗಸು ‘ರೀ’ ಅನ್ನುವುದು ಉಂಟೇ, ಹೆಸರು ಹಾಗೇ ಇರಲಿ ಎನ್ನುತ್ತಾರೆ. ಹಾಗೇ ಬಿಟ್ಟರೆ ಓದುವವರಿಗೆ ಆಕೆ ಗಂಡನಿಗೆ ಮರ್ಯಾದೆ ಕೊಡದವಳಂತೆ ಕಾಣುತ್ತಾಳೆ. ಮೂಲದಲ್ಲಿ ಹಾಗಿಲ್ಲ, ಪೂರ್ತಿ ಸಲಿಗೆ ಅದು. ನನ್ನ ಮತ ‘ರೀ’ಗೇ.

ಬೀಳುವ ಸದ್ದಿನ ಬಗ್ಗೆ ಮಾತ್ರ ನಾನು ಯಾರನ್ನೂ ಕೇಳುವುದಿಲ್ಲ. ಶಾಲೆಯಲ್ಲಿ ಕಲಿತ ಅನುಕರಣಾವ್ಯಯ ಕೊನೆಗೂ ಕೆಲಸಕ್ಕೆ ಬಂತು. ದಡ್, ದಡದಡ, ಢಮಾರ್, ಕಟಕಟ, ಢಣಢಣ, ತಟ್ಟೆಯೊಂದು ಗಿರಗಿರ ಗಿರಗಿರ. ಸ್ವಲ್ಪ ಹೊತ್ತು ಏನೂ ಇಲ್ಲ. ಟಿಣ್.

20ನೇ ತಾರೀಖಿನೊಳಗೆ ಬರಹ ಕೊಡಬೇಕು. ಮೆಟ್ಟಿಲ ಕೆಳಗಿನ ಆ ಜಾಗಕ್ಕೆ ಯಾರ ಮನೆಯಲ್ಲಾದರೂ ಹೆಸರಿದ್ದರೆ ಅಷ್ಟರೊಳಗೆ ದಯವಿಟ್ಟು ಬರೆಯಿರಿ. ಅಮ್ಮನನ್ನು ಫೋನಿನಲ್ಲಿ ಕೇಳಿದೆ. “ಅದಕ್ಕೆಂಥ ಹೆಸರು, ಮೊದ್ಲು ಅದನ್ನ ಕ್ಲೀನ್ ಮಾಡ್ಸು” ಅಂದರು.