ಅಪ್‌ಡೇಟ್: ಬೆಂಗಳೂರು ಸಿಟಿ ಪೊಲೀಸ್‌ಗೆ ಆಯ್ಕೆಯಾದೆ!

ಪಿಯುಸಿ ಮುಗಿಸಿದ ಹುಡುಗಿ ಬೆಂಗಳೂರು ಸಿಟಿಯಲ್ಲಿ ಸಿವಿಲ್ ಕಾನ್‌ಸ್ಟೆಬಲ್, ಅಂದರೆ ಠಾಣೆಯಲ್ಲಿ ಕೆಲಸ ಮಾಡುವ ಪೊಲೀಸ್ ಹುದ್ದೆಗೆ, ಅರ್ಜಿ ಹಾಕಬೇಕಾ ಬೇಡವಾ ಅಂತ ಹಿಂದೆ ಇಲ್ಲಿ ಕೇಳಿದ್ದೆನಲ್ಲ, ಅದು ನಾನೇ. ನಿಮ್ಮಲ್ಲಿ ಜಾಸ್ತಿ ಜನ ಹಾಕು ಅಂದಿರಿ. ನನಗೂ ಠಾಣೆಯಲ್ಲಿ ಕೂತು ಜನರ ದೂರು ಕೇಳುವ ಕೆಲಸವೇ ಬೇಕಿತ್ತು. ಅರ್ಜಿ ಹಾಕಿಯೇಬಿಟ್ಟೆ.

ಲಿಖಿತ ಪರೀಕ್ಷೆ 100 ಅಂಕದ್ದು, ಒಂದೂವರೆ ಗಂಟೆ. ಒಂದು ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ಗೊತ್ತಿಲ್ಲದ್ದನ್ನು ಸುಮ್ನೆ ಬಿಟ್ಟುಬಿಡಿ ಎಂದ ಅಕ್ಕನಿಗೆ ದೊಡ್ಡ ಥ್ಯಾಂಕ್ಸ್. ಆ ಮಾತು ನಿಜವಾಗಿಯೂ ಕೈ ಹಿಡಿಯಿತು.

ದೈಹಿಕ ಪರೀಕ್ಷೆಯ ಭಯವೇ ಜಾಸ್ತಿ ಇತ್ತು. ಹೆಣ್ಣುಮಕ್ಕಳು 400 ಮೀಟರ್ ಓಟವನ್ನು 2 ನಿಮಿಷದೊಳಗೆ ಮುಗಿಸಬೇಕು. ಅಭ್ಯಾಸ ಇದ್ದರೆ ಓಟ ಕಷ್ಟವಲ್ಲ. 4 ಕೆಜಿ ಗುಂಡನ್ನು 3.75 ಮೀಟರ್ ಎಸೆಯುವುದಕ್ಕೆ ಮಾತ್ರ ಬರೀ ತೋಳಿನ ಬಲ ಸಾಲದು, ಸೊಂಟ ತಿರುಗಿಸಿ ತಳ್ಳಬೇಕು. ಇದನ್ನು ಕಲಿಸಿದ್ದು ನಮ್ಮೂರ ಪಿಟಿ ಮೇಷ್ಟ್ರು. ಎತ್ತರ 157 ಸೆಂಟಿಮೀಟರ್ ಇರಲೇಬೇಕು. ಅರ್ಜಿ ಹಾಕುವ ಮೊದಲೇ ಅಳೆದುಕೊಳ್ಳಿ.

ಅಪ್ಪನಿಗೆ ಮೊದಲು ಇಷ್ಟವಿರಲಿಲ್ಲ. ಈಗ ಊರಿಗೆಲ್ಲ ಅವರೇ ಹೇಳಿಕೊಂಡು ಬರುತ್ತಿದ್ದಾರೆ!

ಟ್ರೈನಿಂಗ್ ಆರ್ಡರ್ ಇನ್ನೂ ಬರಬೇಕು. ಹೋಗುವಾಗ ಏನೇನು ತೆಗೆದುಕೊಂಡು ಹೋಗಬೇಕು? ಮುಗಿಸಿ ಬಂದವರು ಹೇಳುತ್ತೀರಾ?