ಆರು ವಾರದ ಪಟ್ಟಿ ಯಾರಿಗೆ?

(ಕುಟುಂಬದ ವಾಟ್ಸಾಪ್ ಗುಂಪು, 2021ರ ನವೆಂಬರ್)

ಪ್ರಕಾಶ ಮಾವ: ಎಲ್ಲರೂ ಮೇಲಿನ ಚಿತ್ರವನ್ನು ತೆರೆದು ನಿಧಾನವಾಗಿ ಓದಿ. ಕೋವಿಡ್‌ನಿಂದ ಗುಣವಾದವರು ಮೊದಲಿನಂತಾಗಲು ಏನು ಮಾಡಬೇಕೆಂಬ ಆರು ವಾರದ ಪಟ್ಟಿಯನ್ನು ಒಂದೇ ಪುಟದಲ್ಲಿ ಕೊಟ್ಟಿದ್ದಾರೆ. ಮೊದಲ ವಾರ ದಿನಕ್ಕೆ 15 ನಿಮಿಷ ನಡಿಗೆ, ಆಮೇಲೆ ವಾರಕ್ಕೆ 10 ನಿಮಿಷದಂತೆ ಹೆಚ್ಚಿಸುವುದು, ಮೂರನೆಯ ವಾರದಿಂದ ಮೆಟ್ಟಿಲು ಹತ್ತುವುದು, ಪ್ರತಿದಿನ ಕಪಾಲಭಾತಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಕೇಂದ್ರ ಸರ್ಕಾರದ ಮಾರ್ಗಸೂಚಿಗಳ ಆಧಾರದಿಂದ ಸಿದ್ಧಪಡಿಸಿದ್ದು ಎಂದು ಕೆಳಗೆ ಬರೆದಿದೆ. ನಮ್ಮ ದೀಪಾಳಿಗೂ ರಮೇಶನಿಗೂ ನಾಳೆಯಿಂದಲೇ ಇದನ್ನು ಶುರು ಮಾಡಿಸಬೇಕೆಂದಿದ್ದೇನೆ.

ರಮೇಶ ಚಿಕ್ಕಪ್ಪ: ಭಾವ, ನಾನು ಸಿದ್ಧನಿದ್ದೇನೆ. ಮನೆಯಿಂದ ಅಂಗಡಿಯವರೆಗೆ ನಡೆದುಹೋಗಿ ಆರು ತಿಂಗಳಾಯಿತು.

ಸುಮಾ: ಮಾವ, ದಯವಿಟ್ಟು ನಾಳೆಯಿಂದ ಶುರು ಮಾಡಿಸಬೇಡಿ. ಫಿಸಿಯೋಥೆರಪಿ ನನ್ನ ಕಸುಬು, ವ್ಯಾಯಾಮ ಬೇಡವೆಂದು ಹೇಳುವವಳು ನಾನಲ್ಲ. ಆದರೆ ಈ ಪುಟದಲ್ಲಿ ಎಲ್ಲಕ್ಕಿಂತ ಮೊದಲು ಇರಬೇಕಾದ ಪ್ರಶ್ನೆಯೇ ಇಲ್ಲ. ಚಿಕ್ಕಪ್ಪ ಮೇ ತಿಂಗಳಲ್ಲಿ 18 ದಿನ ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲೆ ಇದ್ದವರು, ಸ್ಟೆರಾಯ್ಡ್ ತೆಗೆದುಕೊಂಡವರು. ದೀಪಾ ಮನೆಯಲ್ಲೇ ಒಂದು ವಾರದ ಜ್ವರದಲ್ಲಿ ಮುಗಿಸಿದವಳು, ಅವಳ ಆಕ್ಸಿಜನ್ 96ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಇವರಿಬ್ಬರ ಸುಸ್ತಿಗೆ ಹೆಸರು ಒಂದೇ ಇರಬಹುದು, ಕಾರಣ ಒಂದೇ ಎಂದು ಹೇಳುವಂತಿಲ್ಲ. ಕಾರಣವನ್ನು ಕೇಳದೆ ಇಬ್ಬರ ಕೈಗೂ ಒಂದೇ ಪಟ್ಟಿಯನ್ನು ಕೊಡುವುದನ್ನು ಮಾರ್ಗಸೂಚಿ ಎಂದು ನಾನು ಒಪ್ಪಲಾರೆ.

ಪ್ರಕಾಶ ಮಾವ: ಸುಮಾ, ನಿನ್ನ ಓದಿನ ಬಗ್ಗೆ ನನಗೆ ಗೌರವವಿದೆ. ಆದರೆ ಮಲಗಿದಷ್ಟೂ ಮೈ ಕರಗುತ್ತದೆ ಎಂಬುದನ್ನು ತಿಳಿಯಲು ವೈದ್ಯಕೀಯ ಓದಬೇಕಾಗಿಲ್ಲ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆನ್ನುತ್ತಾರಲ್ಲ, ಕೂತ ದೇಹದ ಬಲಕ್ಕೂ ಅದೇ ಗತಿ. ದೀಪಾ ಹಗಲಿನಲ್ಲಿ ಎಷ್ಟು ಹೊತ್ತು ಮಲಗಿರುತ್ತಾಳೆಂದು ನೋಡುತ್ತಿರುವವರು ನಾನು ಮತ್ತು ನಿಮ್ಮತ್ತೆ. ದೊಡ್ಡ ಸಂಸ್ಥೆಗಳ ಹೆಸರಿರುವ ಕಾಗದವನ್ನು ನೀನು ಒಂದೇ ಏಟಿಗೆ ತಳ್ಳಿಹಾಕುವುದಾದರೆ, ಯಾವ ಆಧಾರದಿಂದ ಎಂಬುದನ್ನೂ ಹೇಳಬೇಕು.

ಸುಮಾ: ಹೇಳುತ್ತೇನೆ ಮಾವ, ಸ್ವಲ್ಪ ಉದ್ದವಾದೀತು. ಮಾರ್ಗಸೂಚಿಗಳನ್ನು ತೂಗಿ ನೋಡಲೆಂದೇ ಅಗ್ರೀ-2 ಎಂಬ ಅಳತೆಗೋಲು ಇದೆ. ಆರು ವಿಭಾಗಗಳಲ್ಲಿ 23 ಅಂಶಗಳಿದ್ದು, ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ ಕೊಡಬೇಕು. ಕನಿಷ್ಠ ಇಬ್ಬರು ಪ್ರತ್ಯೇಕವಾಗಿ ಕುಳಿತು ಅಂಕ ಹಾಕಬೇಕೆಂಬುದು ಅದರ ನಿಯಮ. ನೀವು ಕಳಿಸಿದ ಪುಟಕ್ಕೆ ನಿನ್ನೆ ರಾತ್ರಿ ನಾನೂ ನನ್ನ ಸಹೋದ್ಯೋಗಿಯೊಬ್ಬರೂ ಹಾಗೆಯೇ ಅಂಕ ಹಾಕಿದೆವು. ನಿರೂಪಣೆಯ ಸ್ಪಷ್ಟತೆ ಎಂಬ ವಿಭಾಗದಲ್ಲಿ ಮೂರು ಅಂಶಗಳಿವೆ. ಇಬ್ಬರದೂ ಸೇರಿ ಕನಿಷ್ಠ 6, ಗರಿಷ್ಠ 42, ನಮ್ಮ ಮೊತ್ತ 33 ಬಂದಿತು. ಕನಿಷ್ಠ 6ನ್ನು ಕಳೆದು ನೋಡಿದರೆ 36ಕ್ಕೆ 27, ಅಂದರೆ ಶೇಕಡಾ 75. ಪುಟ ಅಚ್ಚುಕಟ್ಟಾಗಿದೆ ಎಂಬ ನಿಮ್ಮ ಮಾತು ನಿಜವೇ. ಆದರೆ ರಚನೆಯ ಕಟ್ಟುನಿಟ್ಟು ಎಂಬ ಎಂಟು ಅಂಶಗಳ ವಿಭಾಗ ಇದೆಯಲ್ಲ, ಯಾವ ಸಂಶೋಧನೆಗಳನ್ನು ಹುಡುಕಿದರು, ಯಾವುದನ್ನು ಬಿಟ್ಟರು, ಸಾಕ್ಷ್ಯದಿಂದ ಸಲಹೆಗೆ ಹೇಗೆ ಬಂದರು, ಲಾಭದ ಜೊತೆಗೆ ಹಾನಿಯನ್ನೂ ಪರಿಗಣಿಸಿದರೆ, ಪ್ರಕಟಣೆಗೆ ಮೊದಲು ಹೊರಗಿನ ತಜ್ಞರು ನೋಡಿದರೆ, ಮುಂದೆ ಪರಿಷ್ಕರಿಸುವುದು ಯಾವಾಗ ಎಂದು ಕೇಳುವ ಭಾಗ, ಅಲ್ಲಿ ಕನಿಷ್ಠ 16, ಗರಿಷ್ಠ 112ರ ನಡುವೆ ನಮ್ಮ ಮೊತ್ತ 20. ಶೇಕಡಾ ಲೆಕ್ಕದಲ್ಲಿ ಅದು 4ರ ಆಸುಪಾಸು. ಬರೆದವರು ಯಾರು, ಅದಕ್ಕೆ ಹಣ ಕೊಟ್ಟವರು ಯಾರು ಎಂಬುದಂತೂ ಪುಟದಲ್ಲಿ ಎಲ್ಲಿಯೂ ಇಲ್ಲ.

ಇನ್ನೊಂದು ವಿಷಯ ನನಗೆ ಹೆಚ್ಚು ನೋವು ತಂದಿತು. ಕೇಂದ್ರ ಆರೋಗ್ಯ ಸಚಿವಾಲಯ 2020ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಕೋವಿಡ್ ನಂತರದ ಆರೈಕೆಯ ಸೂಚನೆಯಲ್ಲಿ ನಡಿಗೆಯ ಮಾತು ಇರುವುದು ನಿಜ. ಆದರೆ ಅಲ್ಲಿರುವುದು ಹಿತವೆನಿಸುವ ವೇಗದಲ್ಲಿ, ದೇಹ ತಾಳುವಷ್ಟು ನಡೆಯಿರಿ ಎಂದು. ಯೋಗ, ಪ್ರಾಣಾಯಾಮಗಳನ್ನೂ ಆರೋಗ್ಯ ಅನುಮತಿಸುವಷ್ಟೇ ಮಾಡಿ ಎಂದಿದ್ದಾರೆ. ಈ ಚಿತ್ರ ಮಾಡಿದವರು ನಡಿಗೆಯನ್ನು ಉಳಿಸಿಕೊಂಡು "ತಾಳುವಷ್ಟು" ಎಂಬುದನ್ನು ಕಿತ್ತುಹಾಕಿದ್ದಾರೆ, ಆ ಜಾಗದಲ್ಲಿ "ಸುಸ್ತಾದರೂ ನಿಲ್ಲಿಸಬೇಡಿ" ಎಂದು ಕೆಂಪಕ್ಷರದಲ್ಲಿ ಸೇರಿಸಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಸ್ವಆರೈಕೆಯ ಕಿರುಪುಸ್ತಿಕೆಯಲ್ಲಿಯೂ ವ್ಯಾಯಾಮಕ್ಕೆ ಐದು ಹಂತಗಳಿವೆ. ಪ್ರತಿ ಹಂತದಲ್ಲಿ ಕನಿಷ್ಠ 7 ದಿನ ಕಳೆದ ಮೇಲೆ, ಅದೂ ಲಕ್ಷಣಗಳು ಹೆಚ್ಚದಿದ್ದರೆ ಮಾತ್ರ, ಮುಂದಿನ ಹಂತ. ಅಲ್ಲಿ 7 ದಿನ ಎಂಬುದು ಕನಿಷ್ಠ ಕಾಯುವಿಕೆ. ಈ ಪುಟ ಅದನ್ನು ಬಡ್ತಿಯ ದಿನಾಂಕವನ್ನಾಗಿ ಮಾಡಿದೆ.

ಪ್ರಕಾಶ ಮಾವ: ಕಿತ್ತುಹಾಕಿದ ಪದದ ವಿಚಾರ ನನಗೆ ಗೊತ್ತಿರಲಿಲ್ಲ, ಮೂಲವನ್ನು ಓದದೆ ಕಳಿಸಿದ್ದು ನನ್ನ ತಪ್ಪು. ಆದರೆ ನಿನ್ನ ಅಳತೆಗೋಲಿನ ಬಗ್ಗೆ ನನ್ನದೊಂದು ತಕರಾರು ಇದೆ. ಕಾಯಿಲೆ ಬಂದು ಇನ್ನೂ ಎರಡು ವರ್ಷ ತುಂಬಿಲ್ಲ. ನಿಮ್ಮ ಇಂಗ್ಲೆಂಡಿನ ನೈಸ್ ಸಂಸ್ಥೆಯವರೂ 2020ರ ಡಿಸೆಂಬರ್‌ನಲ್ಲಿ ಕೋವಿಡ್ ನಂತರ ಉಳಿಯುವ ತೊಂದರೆಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿದಾಗ ಹೆಚ್ಚಿನಂಶ ತಜ್ಞರ ಅಭಿಪ್ರಾಯವನ್ನೇ ನೆಚ್ಚಿದ್ದರಲ್ಲವೇ? ಅವರ ಅಭಿಪ್ರಾಯವಾದರೆ ಮಾರ್ಗಸೂಚಿ, ಹೆಸರಿಲ್ಲದವನ ಅಭಿಪ್ರಾಯವಾದರೆ ಕಸವೇ? ಅದೂ ಅಲ್ಲದೆ, ಅಲ್ಲಿನ ವ್ಯವಸ್ಥೆಗಾಗಿ ಬರೆದದ್ದನ್ನು ದಾವಣಗೆರೆಯ ಮನೆಯಲ್ಲಿ ಕುಳಿತವರು ಹೇಗೆ ಪಾಲಿಸಬೇಕು?

ಸುಮಾ: ಮಾವ, ಎರಡೂ ಪ್ರಶ್ನೆಗಳು ನ್ಯಾಯವಾದವು. ಮೊದಲನೆಯದಕ್ಕೆ ಉತ್ತರ ಹೀಗಿದೆ. ಸಾಕ್ಷ್ಯ ಕಡಿಮೆ ಇದ್ದಾಗ ತಜ್ಞರ ಅಭಿಪ್ರಾಯವನ್ನು ಕೇಳುವುದು ತಪ್ಪಲ್ಲ, ಇದು ಅಭಿಪ್ರಾಯ ಎಂದು ಹೇಳದೆ ಬಚ್ಚಿಡುವುದು ತಪ್ಪು. ನೈಸ್‌ನವರು ಸಮಿತಿಯಲ್ಲಿದ್ದವರ ಹೆಸರು ಕೊಟ್ಟಿದ್ದಾರೆ, ಅವರ ಹಿತಾಸಕ್ತಿಗಳನ್ನು ತೆರೆದಿಟ್ಟಿದ್ದಾರೆ, ಹೊಸ ಸಾಕ್ಷ್ಯ ಬಂದಂತೆ ತಿದ್ದುತ್ತೇವೆಂದು ಮಾತು ಕೊಟ್ಟಿದ್ದಾರೆ. ಸೋಂಕಿನ ನಂತರ 4 ವಾರದವರೆಗೆ ಒಂದು, 4ರಿಂದ 12 ವಾರ ಇನ್ನೊಂದು, 12 ವಾರ ದಾಟಿಯೂ ಉಳಿದರೆ ಮತ್ತೊಂದು ಎಂದು ರೋಗಿಗಳನ್ನು ಬೇರ್ಪಡಿಸಿದ್ದಾರೆ. ಹಾಗೆಂದು ಈ ಅಳತೆಗೋಲಿಗೂ ಮಿತಿಯಿದೆ, ಅದನ್ನು ನಾನೇ ಹೇಳಬೇಕು. ಮಾರ್ಗಸೂಚಿಯನ್ನು ಎಷ್ಟು ಶ್ರದ್ಧೆಯಿಂದ ಕಟ್ಟಿದ್ದಾರೆಂದು ಅದು ಅಳೆಯುತ್ತದೆ. ಒಳಗಿನ ಸಲಹೆ ಸರಿಯೋ ತಪ್ಪೋ ಎಂಬುದನ್ನು ಅದು ತೀರ್ಮಾನಿಸುವುದಿಲ್ಲ.

ಎರಡನೆಯ ಪ್ರಶ್ನೆಯಲ್ಲಿ ನಾನು ನಿಮ್ಮ ಪಕ್ಷ. ಅಳತೆಗೋಲಿನಲ್ಲಿರುವ ಕಾರ್ಯಸಾಧ್ಯತೆ ಎಂಬ ವಿಭಾಗವನ್ನು ನಾವು ಓದಬೇಕಾದದ್ದು ನಮ್ಮ ಮನೆಯೊಳಗೆ ನಿಂತು. ಚಿಕ್ಕಪ್ಪನಿಗೆ ಕುರ್ಚಿಯಿಂದ ಏಳುವುದಕ್ಕಿಂತ ನೆಲದ ಮೇಲೆ ಊಟಕ್ಕೆ ಕುಳಿತು ಏಳುವುದು, ಹಳೆಯ ಶೌಚಾಲಯದಲ್ಲಿ ಕುಕ್ಕರಗಾಲಿನಿಂದ ಏಳುವುದು ಕಷ್ಟ. ಸ್ಟೆರಾಯ್ಡ್ ಮತ್ತು ಹಾಸಿಗೆವಾಸ ಎರಡೂ ತೊಡೆ, ಸೊಂಟದ ಸ್ನಾಯುಗಳನ್ನೇ ಮೊದಲು ಸೊರಗಿಸುತ್ತವೆ. ಅವರಿಗೆ ಹಂತಹಂತವಾಗಿ ಬಲ ಕೊಡುವ ವ್ಯಾಯಾಮ ಖಂಡಿತ ಬೇಕು. ಆದರೆ ಶ್ರಮಪಟ್ಟಾಗ ಆಕ್ಸಿಜನ್ ಇಳಿಯುತ್ತದೆಯೇ ಎಂದು ನೋಡಿದ ಮೇಲೆ.

ಶಾಂತತ್ತೆ: ಹಾಗಾದರೆ ದೀಪಾಳಿಗೆ ಏನು ಹೇಳುತ್ತೀಯಮ್ಮಾ? ಅವಳನ್ನು ನೋಡಿದರೆ ಕಾಯಿಲೆಯವಳ ಹಾಗೆ ಕಾಣುವುದಿಲ್ಲ. ಅದಕ್ಕೇ ನಿಮ್ಮ ಮಾವನಿಗೆ ಸಿಟ್ಟು ಬರುವುದು.

ಸುಮಾ: ಅತ್ತೆ, ಅದಕ್ಕೆ ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಕಳೆದ ವರ್ಷ ಅಕ್ಟೋಬರ್‌ನಲ್ಲಿ ನಲವತ್ತರ ಆಸುಪಾಸಿನ ಶಿಕ್ಷಕಿಯೊಬ್ಬರು ನನ್ನ ಹತ್ತಿರ ಬರುತ್ತಿದ್ದರು. ಅವರಿಗೂ ಸೋಂಕು ಲಘುವಾಗಿಯೇ ಬಂದುಹೋಗಿತ್ತು. ಎಕ್ಸ್‌ರೇ ಸರಿಯಿತ್ತು, ಆಕ್ಸಿಜನ್ ಸರಿಯಿತ್ತು, ಮೆಟ್ಟಿಲನ್ನು ನಗುತ್ತಲೇ ಹತ್ತಿದರು. ನಾನು ಮರುದಿನಕ್ಕೆ ಇನ್ನೊಂದು ಮಹಡಿಯನ್ನು ಸೇರಿಸಿದೆ. ಮೂರನೆಯ ದಿನ ಅವರ ಯಜಮಾನರು ಫೋನ್ ಮಾಡಿ, ಹಾಸಿಗೆಯಿಂದ ಏಳಲಾಗುತ್ತಿಲ್ಲ, ಬೆಳಕು ಬಿದ್ದರೂ ಸಹಿಸುತ್ತಿಲ್ಲ ಎಂದರು. ಅಭ್ಯಾಸ ತಪ್ಪಿಸಬೇಡಿ, ಕರೆದುಕೊಂಡು ಬನ್ನಿ ಎಂದು ನಾನು ಒತ್ತಾಯಿಸಿದೆ. ಅವರು ಮತ್ತೆ ಬಂದದ್ದು ಮೂರು ವಾರಗಳ ನಂತರ, ಗೋಡೆ ಹಿಡಿದುಕೊಂಡು. ಶ್ರಮ ಮುಗಿದು ಹಲವು ಗಂಟೆಗಳ ಅಥವಾ ಒಂದೆರಡು ದಿನಗಳ ಮೇಲೆ ಎಲ್ಲ ಲಕ್ಷಣಗಳೂ ಒಟ್ಟಿಗೆ ಉಲ್ಬಣಿಸುವ ಸ್ಥಿತಿಯೊಂದಿದೆ, ನಾನು ಅದನ್ನು ಕೇಳಿ ತಿಳಿಯಲೇ ಇಲ್ಲ. ದಣಿವು ತುಂಬಾ ಇರುವ ಕೋವಿಡ್ ರೋಗಿಗಳಿಗೆ ದೀರ್ಘಕಾಲದ ದಣಿವಿನ ಕಾಯಿಲೆಯ ತಮ್ಮ ಹಳೆಯ ಮಾರ್ಗಸೂಚಿಯಲ್ಲಿದ್ದ ಏರಿಕೆಯ ವ್ಯಾಯಾಮವನ್ನು ಹಾಗೆಯೇ ಅನ್ವಯಿಸಬೇಡಿ ಎಂದು ನೈಸ್ ಸಂಸ್ಥೆ 2020ರ ಜುಲೈನಲ್ಲಿಯೇ ಎಚ್ಚರಿಸಿತ್ತು. ನಾನು ಅದನ್ನು ಓದಿದ್ದು ತಡವಾಗಿ. ಅದೇ ಕಾಯಿಲೆಗೆಂದು ಕಳೆದ ತಿಂಗಳು ಅವರು ಹೊರಡಿಸಿದ ಹೊಸ ಮಾರ್ಗಸೂಚಿಯಲ್ಲಂತೂ, ನಿಗದಿತ ಪ್ರಮಾಣದಲ್ಲಿ ಏರಿಸುತ್ತಾ ಹೋಗುವ ವ್ಯಾಯಾಮವನ್ನು ಕೊಡಲೇಬಾರದು ಎಂದಿದ್ದಾರೆ. ವಾರಕ್ಕೆ 10 ನಿಮಿಷ ಎಂಬುದು ಅಂಥದೇ ಏರಿಕೆ ಮಾವ.

ದೀಪಾ: ಅಪ್ಪಾ, ನಾನು ಇಷ್ಟು ದಿನ ಇದನ್ನು ಸರಿಯಾಗಿ ಹೇಳಲಿಲ್ಲ. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ದಿನ ನಾನೇ ಹಂಡೆಯನ್ನು ತಿಕ್ಕಿ, ಬಾವಿಯಿಂದ ಎಂಟು ಕೊಡ ನೀರು ತಂದು ತುಂಬಿದೆ. ಅಂದು ನನಗೆ ಏನೂ ಆಗಲಿಲ್ಲ, ಗುಣವಾಗಿಬಿಟ್ಟೆ ಎಂದುಕೊಂಡೆ. ಬಲಿಪಾಡ್ಯಮಿಯ ಬೆಳಿಗ್ಗೆ ಬಾಚಣಿಗೆ ಹಿಡಿದ ಕೈಯನ್ನು ತಲೆಯವರೆಗೆ ಎತ್ತಲು ಆಗಲಿಲ್ಲ, ಅಮ್ಮನೇ ಜಡೆ ಹಾಕಿದಳು. ಹಬ್ಬದ ಸುಸ್ತು ಎಂದು ನೀವು ಅಂದಿರಿ, ನಾನೂ ಹೌದೆಂದೆ. ಅದಕ್ಕೂ ಮುಂಚೆ ಹೀಗೆ ನಾಲ್ಕು ಸಲ ಆಗಿದೆ, ಪ್ರತಿ ಸಲವೂ ಚೆನ್ನಾಗಿದ್ದ ದಿನದ ಮರುದಿನ ಅಥವಾ ಅದರ ಮರುದಿನ. ನಾನು ಹಗಲಲ್ಲಿ ಮಲಗುವುದು ಸಂಜೆ ನಿಮ್ಮೊಂದಿಗೆ ಕುಳಿತು ಊಟ ಮಾಡುವಷ್ಟಾದರೂ ಉಳಿಯಲಿ ಎಂದು.

ಸುಮಾ: ದೀಪಾ, ನೀನು ಬರೆದದ್ದನ್ನು ಹಾಗೆಯೇ ವೈದ್ಯರಿಗೆ ತೋರಿಸು. ರಕ್ತಹೀನತೆ, ಥೈರಾಯ್ಡ್, ಸಕ್ಕರೆ, ಹೃದಯ ಇವುಗಳಲ್ಲಿ ಬೇರೆ ಕಾರಣವಿದೆಯೇ ಎಂದು ಮೊದಲು ನೋಡಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ ಕಳೆದ ತಿಂಗಳು ಕೊಟ್ಟ ವ್ಯಾಖ್ಯೆಯಲ್ಲಿಯೂ, ಸೋಂಕಾಗಿ ಸುಮಾರು ಮೂರು ತಿಂಗಳ ನಂತರ ಕಾಣುವ, ಕನಿಷ್ಠ ಎರಡು ತಿಂಗಳು ಉಳಿಯುವ, ಬೇರೆ ಕಾಯಿಲೆಯಿಂದ ವಿವರಿಸಲಾಗದ ಲಕ್ಷಣಗಳು ಎಂದೇ ಇದೆ. ಅಲ್ಲಿಯವರೆಗೆ, ಚೆನ್ನಾಗಿದೆ ಎನಿಸಿದ ದಿನವೂ ಕೈಲಾಗುವುದಕ್ಕಿಂತ ಕಡಿಮೆಯೇ ಮಾಡು. ಏನು ಮಾಡಿದೆ, ಮುಂದಿನ ಎರಡು ದಿನ ಹೇಗಿತ್ತು ಎಂಬ ಎರಡು ಸಾಲನ್ನು ದಿನವೂ ಬರೆದಿಡು. ನಿಂತು ಮಾಡುವುದನ್ನು ಕುಳಿತು ಮಾಡು, ಸ್ನಾನವನ್ನೂ ಸಹ. ಚಿಕ್ಕಪ್ಪ, ನೀವು ಗುರುವಾರ ಪರೀಕ್ಷೆಗೆ ಹೋದಾಗ ಅಲ್ಲಿನ ಫಿಸಿಯೋಥೆರಪಿಸ್ಟ್ ಎದುರಿನಲ್ಲೇ ಒಂದು ನಿಮಿಷ ಕುರ್ಚಿಯಿಂದ ಎದ್ದು ಕೂರುವ ಪರೀಕ್ಷೆಯನ್ನು ಮಾಡಿಸಿಕೊಳ್ಳಿ, ಮನೆಯಲ್ಲಿ ಒಬ್ಬರೇ ಮಾಡಬೇಡಿ. ಆಕ್ಸಿಜನ್ 3 ಅಂಕ ಅಥವಾ ಹೆಚ್ಚು ಇಳಿದರೆ ನಡಿಗೆಯ ಮಾತಿಗೆ ಮೊದಲು ಶ್ವಾಸಕೋಶದ ತಪಾಸಣೆಯಾಗಬೇಕು.

(ಗುರುವಾರ)

ರಮೇಶ ಚಿಕ್ಕಪ್ಪ: ಸುಮಾ, ಪರೀಕ್ಷೆ ಮಾಡಿಸಿಕೊಂಡೆ. ಕುಳಿತಿದ್ದಾಗ 97 ಇತ್ತು, 11 ಸಲ ಎದ್ದು ಕೂರುವಷ್ಟರಲ್ಲಿ 92ಕ್ಕೆ ಇಳಿಯಿತು, ನಾಡಿಬಡಿತ 128. ಏದುಸಿರು ಅಷ್ಟೇನೂ ಇರಲಿಲ್ಲ, ಅದಕ್ಕೇ ನನಗೆ ಆಶ್ಚರ್ಯ. ಡಾಕ್ಟರು ಎದೆಯ ಸ್ಕ್ಯಾನ್ ಬರೆದುಕೊಟ್ಟಿದ್ದಾರೆ, ಸೋಮವಾರ ಬರಲು ಹೇಳಿದ್ದಾರೆ.

ಸುಮಾ: ಸೋಮವಾರದವರೆಗೆ ಮನೆಯೊಳಗಿನ ಓಡಾಟ ಸಾಕು ಚಿಕ್ಕಪ್ಪ. ವರದಿ ಬಂದ ಮೇಲೆ ಅಲ್ಲಿನವರ ಜೊತೆ ಮಾತನಾಡಿ, ಎಲ್ಲಿಂದ ಶುರು ಮಾಡಬೇಕೆಂದು ತೀರ್ಮಾನಿಸೋಣ.

ಪ್ರಕಾಶ ಮಾವ: ಈ ಚಿತ್ರವನ್ನು ನಾನು ನಿವೃತ್ತ ಉಪನ್ಯಾಸಕರ ಗುಂಪಿಗೂ ಕಳಿಸಿದ್ದೆ. ಅಲ್ಲಿ 60 ಜನ ಇದ್ದಾರೆ, ಅವರಲ್ಲಿ ಹಲವರಿಗೆ ಮೇ ತಿಂಗಳಲ್ಲಿ ಸೋಂಕಾಗಿತ್ತು. ಮೂಲದಲ್ಲಿ "ತಾಳುವಷ್ಟು" ಎಂದಿದೆ, ಈ ಪುಟದಲ್ಲಿ ಅದನ್ನು ತೆಗೆದಿದ್ದಾರೆ, ಯಾರೂ ಪಾಲಿಸಬೇಡಿ ಎಂದು ಇಂದು ಅಲ್ಲಿ ಬರೆದು, ಸರ್ಕಾರದ ಮೂಲ ಸೂಚನೆಯನ್ನೂ ಹಾಕಿದ್ದೇನೆ. ದೀಪಾ, ಬಚ್ಚಲುಮನೆಯಲ್ಲಿ ಸ್ಟೂಲ್ ಇಟ್ಟಿದ್ದೇನೆ. ಎತ್ತರ ಸರಿಯಾಗದಿದ್ದರೆ ಹೇಳು, ಬದಲಾಯಿಸಿಕೊಂಡು ಬರುತ್ತೇನೆ.