ಮನೆಪಾಠಕ್ಕೆ ಒಂದೇ ಪಠ್ಯಕ್ರಮ: ದಕ್ಕಿದ್ದೇನು?

ಪ್ರಶ್ನೆ (ಶಿರಸಿ): ಎಂಟು ವರ್ಷದ ಮಗಳಿಗೆ ಮನೆಯಲ್ಲಿಯೇ ಕಲಿಸುತ್ತಿರುವ ನಾವು, ತಿಂಗಳಿಗೊಮ್ಮೆ ಪುಸ್ತಕ ಬದಲಿಸುವ ನಮ್ಮದೇ ಚಾಳಿಯಿಂದ ಬೇಸತ್ತಿದ್ದೇವೆ. ಒಂದೇ ಪಠ್ಯಕ್ರಮವನ್ನು ಹಿಡಿದು ನಡೆದವರಿಗೆ ನಿಜವಾಗಿ ಏನು ದಕ್ಕಿತು?

ಉತ್ತರ (ಕುಮಟಾ): ನಾವೂ ಹಾಗೆಯೇ ಅಲೆದು, ಕೊನೆಗೆ ರಾಜ್ಯದ ಗಣಿತ ಪಠ್ಯವನ್ನೇ ಮೂರು ವರ್ಷ ಬಿಡದೆ ಅನುಸರಿಸಿದೆವು. ದಶಮಾಂಶದಲ್ಲಿ ಮಗ ಎಡವಿದಾಗ, ಹಿಂದಿನ ವರ್ಷದ ಭಿನ್ನರಾಶಿಯಲ್ಲಿಯೇ ತೊಡಕು ಬೇರೂರಿತ್ತೆಂಬುದು ನಮಗೆ ತಕ್ಷಣ ತಿಳಿಯಿತು. ಅಡಿಕೆ ಕೊಯ್ಲಿನ ದಿನಗಳಲ್ಲಿ ಪಾಠ ನಿಂತರೂ, ಬಿಟ್ಟ ಪುಟದಿಂದಲೇ ಮುಂದುವರಿಯುತ್ತಿದ್ದೆವು.

ಉತ್ತರ (ಕಾರವಾರ): ಮುಂದೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೆಯ ತರಗತಿಗೆ ಸೇರಿಸುವುದಾದರೆ 14 ವರ್ಷ ತುಂಬಿರಬೇಕು ಮತ್ತು 5 ವಿಷಯಗಳಲ್ಲಿ ತೇರ್ಗಡೆಯಾಗಬೇಕಾದ್ದರಿಂದ, ಈಗಿನ ಕ್ರಮ ಆಗ ನೆರವಾಗುತ್ತದೆ. ಕ್ರಮವೆಂದರೆ ಗಂಟೆ ಬಾರಿಸುವುದಲ್ಲ. ಕಾಳಿ ನದಿಯ ಅಳಿವೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನು ನೋಡಿ ಬಂದದ್ದೂ ನಮ್ಮ ವಿಜ್ಞಾನದ ಪಾಠವೇ ಆಗಿತ್ತು.

ಪ್ರಶ್ನೆ ಕೇಳಿದವರು: ಗಣಿತದಿಂದಲೇ ಆರಂಭಿಸುತ್ತೇವೆ. ಕನ್ನಡಕ್ಕೂ ರಾಜ್ಯದ ಪಠ್ಯವನ್ನೇ ಬಳಸಿದಿರಾ?